ಏಳು ಸಲ ಗಡ್ಡದ ರಾಜ

ಎಂಟನೆಯ ತರಗತಿಯ ಗಣಿತದಲ್ಲಿ ಬೆರಿಲ್ ಮಿಸ್ ನನಗೆ ನೂರಕ್ಕೆ ನಲವತ್ತೊಂಬತ್ತು ಕೊಟ್ಟರು. ಐವತ್ತಕ್ಕೆ ಪಾಸು. ಇನ್ನೊಂದೇ ಒಂದು ಅಂಕ ಕೊಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಹಡಗುಗಳಿಗೆ ಕಲ್ಲಿದ್ದಲು ತುಂಬುವ ಕೆಲಸದಲ್ಲಿದ್ದ ನಮ್ಮಪ್ಪ ತೋಳು ಮಡಿಸಿಕೊಂಡು ಶಾಲೆಗೇ ಹೋದ. ಮಿಸ್ ಉತ್ತರಪತ್ರಿಕೆಯನ್ನು ಅವನ ಮುಂದೆ ಹರಡಿ, "ಇದರಲ್ಲಿ ಆ ಒಂದು ಅಂಕ ಎಲ್ಲಿ ಹಾಕ್ಬೇಕು ತೋರ್ಸಿ, ಈಗ್ಲೇ ಹಾಕ್ತೀನಿ" ಅಂದರಂತೆ. ಅಪ್ಪ ಅರ್ಧ ಗಂಟೆ ಹುಡುಕಿದ, ಸಿಗಲಿಲ್ಲ. ಕೊನೆಗೆ ಅವರೇ ಮಾಡಿಕೊಟ್ಟ ಚಹಾ ಕುಡಿದು ಮನೆಗೆ ಬಂದು ನನಗೆ ಎರಡು ಬಿಟ್ಟ.

ಇಂಥ ಹೆಂಗಸನ್ನು ನಾನು ಜೀವಕ್ಕೆ ಜೀವದ ಹಾಗೆ ಹಚ್ಚಿಕೊಂಡೆ ಅಂದರೆ ನ್ಯೂಕಾಸಲ್‌ನಲ್ಲಿ ನನ್ನ ಜೊತೆ ಓದಿದ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ.

ನಾನು ಮತ್ತೆ ಅವರನ್ನು ನೋಡಿದ್ದು ನಲವತ್ತು ವರ್ಷದ ಮೇಲೆ. ಬಂದರಿನ ಹಿಂದೆ ಒಂದು ಹಳೆಯ ಉಣ್ಣೆಯ ಗೋದಾಮಿದೆ. ಅದರೊಳಗೆ ಥಿಯಾ ಪೆಟ್ರಾಕಿಸ್ ಎಂಬ ವಿಜ್ಞಾನಿ ಕ್ವಾಂಟಮ್ ಕಂಪ್ಯೂಟರ್ ಕಟ್ಟುತ್ತಿದ್ದಳು. ಹನ್ನೊಂದು ವರ್ಷ ಅದಕ್ಕೇ ಮುಡಿಪು. ಅಂಥ ಯಂತ್ರ ಕೆಲಸ ಮಾಡಬೇಕಾದರೆ ಅದನ್ನು ವಿಪರೀತ ತಣ್ಣಗಿಡಬೇಕು, ಆಕಾಶದಲ್ಲಿ ಚುಕ್ಕಿಗಳ ನಡುವೆ ಇರುವ ಚಳಿಗಿಂತ ತಣ್ಣಗೆ. ಅದನ್ನು ತಣ್ಣಗಿಡುವ ದೊಡ್ಡ ಫ್ರಿಜ್ ನೋಡಿಕೊಳ್ಳುವವನು ನಾನು, ಕ್ಲೈವ್ ಡಗನ್. ಅದಕ್ಕೂ ಮುಂಚೆ ಮೀನಿನ ಶೀತಲಗೃಹದಲ್ಲಿ ಸಿಗಡಿ ತಣ್ಣಗಿಡುತ್ತಿದ್ದೆ. ನನ್ನ ಮಟ್ಟಿಗೆ ದೊಡ್ಡ ವ್ಯತ್ಯಾಸವೇನಿಲ್ಲ, ಸಿಗಡಿ ಇಷ್ಟು ಸೊಕ್ಕು ಮಾಡುತ್ತಿರಲಿಲ್ಲ ಅಷ್ಟೇ.

ಒಂದು ಬೆಳಿಗ್ಗೆ ಬಂದರಿನ ಆಚೆ ದಡದ ಸ್ಟಾಕ್ಟನ್ ಕಡೆಯ ದೋಣಿಯಿಳಿದು, ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು, ಒದ್ದೆ ಕೂದಲಲ್ಲಿ ಒಳಗೆ ಬಂದ ಮುದುಕಿ ನನ್ನನ್ನು ನೋಡಿದ ಕೂಡಲೇ, "ಡಗನ್! ಶರಟಿನ ಗುಂಡಿ ಹಾಕ್ಕೋ" ಅಂದರು. ಐವತ್ತಾರು ವರ್ಷದ ನಾನು ಹಾಕಿಕೊಂಡೆ.

ಗಂಡ ಕೀತ್ ತೀರಿಕೊಂಡ ಮೇಲೆ ಮಿಸ್ ಒಬ್ಬರೇ ಕೂತು ಗೂಢಲಿಪಿಯ ಗಣಿತ ಕಲಿತಿದ್ದರು, ಬೇರೆಯವರು ಪದಬಂಧ ಬಿಡಿಸುವ ಹಾಗೆ. ಕಲಿತು ಕಲಿತು, ದೊಡ್ಡ ದೊಡ್ಡ ಪಂಡಿತರಿಗೆ ತಪ್ಪು ತೋರಿಸಿ ಪತ್ರ ಬರೆಯುವಷ್ಟಾದರು. ಥಿಯಾಗೆ ಬೇಕಾಗಿದ್ದುದು ಇಂಥವರೇ. ಯಂತ್ರ ನಿಜವಾಗಿ ಕ್ವಾಂಟಮ್ ಹೌದೋ, ಒಳಗೆ ಮಾಮೂಲಿ ಕಂಪ್ಯೂಟರ್ ಕೂತು ಸೋಗು ಹಾಕುತ್ತಿದೆಯೋ ಎಂದು ಹೊರಗಿನವರೊಬ್ಬರು ಪರೀಕ್ಷೆ ಮಾಡಿ ಸಹಿ ಹಾಕಬೇಕಿತ್ತು. ಮಿಸ್‌ಗೆ ಮುಂಬಾಗಿಲ ಪಕ್ಕದ ಕೋಣೆ ಕೊಟ್ಟರು, ಹಳೆಯ ಲ್ಯಾಪ್‌ಟಾಪ್ ಒಂದು ಕೊಟ್ಟರು. ಅವರ ಕೋಣೆಗೂ ಯಂತ್ರಕ್ಕೂ ನಡುವೆ ಒಂದು ತಂತಿ, ಅಷ್ಟೇ ಸಂಬಂಧ.

"ಅದರೊಳಗೆ ಏನು ನಡೀತಿದೆ ಅಂತಾನೇ ಗೊತ್ತಿಲ್ದೆ ಹೇಗೆ ಪರೀಕ್ಷೆ ಮಾಡ್ತೀರಿ ಮಿಸ್?" ಅಂತ ಒಂದು ದಿನ ಕೇಳಿದೆ.

"ನಿನ್ನ ತಲೆಯೊಳಗೆ ಏನು ನಡೀತಿತ್ತು ಅಂತ ಗೊತ್ತಿತ್ತೇನೋ ನಂಗೆ? ಆದ್ರೂ ಮಾಡ್ಲಿಲ್ವಾ?"

ಆಮೇಲೆ ಬಿಸ್ಕತ್ತು ಚಹಾದಲ್ಲಿ ಅದ್ದುತ್ತ, ನನ್ನಂಥವನಿಗೂ ತಿಳಿಯುವ ಹಾಗೆ ಹೇಳಿದರು. "ನಾನೊಂದು ಬೀಗ ಮಾಡ್ತೀನಿ. ಬೀಗ ಯಂತ್ರಕ್ಕೆ, ಕೀಲಿಕೈ ನನ್ನ ಹತ್ರ. ಯಂತ್ರ ಆ ಬೀಗದ ಮೇಲೊಂದು ಲೆಕ್ಕ ಮಾಡಿ, ಮೊದಲು ಒಂದು ಉತ್ತರ ಬರೆದು ಕಳಿಸ್ಬೇಕು. ಕಳಿಸಿದ್ಮೇಲೆ ತಿದ್ದೋ ಹಾಗಿಲ್ಲ. ಆಗ ನಾನು ಎರಡು ಪ್ರಶ್ನೇಲಿ ಒಂದನ್ನ ಕೇಳ್ತೀನಿ. ಸೋಗಿನ ಯಂತ್ರ ಒಂದು ಪ್ರಶ್ನೆಗೆ ಮಾತ್ರ ಓದ್ಕೊಂಡು ಬಂದಿರುತ್ತೆ, ಇನ್ನೊಂದು ಕೇಳಿದ್ರೆ ಬಾಯಿಗೆ ಬಂದಿದ್ದು ಹೇಳುತ್ತೆ. ಸಾವಿರಾರು ಸಲ ಹೀಗೆ ಕೇಳಿದ್ರೆ ಅದಕ್ಕೆ ನೂರಕ್ಕೆ ಎಪ್ಪತ್ತೈದರ ಮೇಲೆ ಬರಲ್ಲ. ನಿಜವಾದ ಕ್ವಾಂಟಮ್ ಯಂತ್ರ ಎರಡಕ್ಕೂ ತಯಾರಾಗಿ ಕೂತಿರುತ್ತೆ. ಅದು ಎಪ್ಪತ್ತೈದು ದಾಟುತ್ತೆ."

"ಕೀಲಿಕೈ ಯಾರಾದ್ರೂ ಕದ್ರೆ?"

"ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕಿದ್ರೆ ನೀನೂ ರ್‍ಯಾಂಕ್ ಬರ್ತಿದ್ದೆ ಕಣೋ" ಅಂದರು.

ಈ ಬೀಗ, ಕೀಲಿಕೈ, ಯಾವ ಪ್ರಶ್ನೆ ಯಾವಾಗ ಎಂಬುದು, ಎಲ್ಲವೂ ಹುಟ್ಟುವುದು ನಾಣ್ಯದ ನೂರಿಪ್ಪತ್ತೆಂಟು ಎಸೆತದಿಂದ. ಕಂಪ್ಯೂಟರೇ ಮನಸ್ಸಿಗೆ ಬಂದ ಅಂಕಿ ಹುಟ್ಟಿಸಿಕೊಡುತ್ತದಂತೆ, ಮಿಸ್‌ಗೆ ಅದರ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಸತ್ತ ಸೈನಿಕರನ್ನು ನೆನೆಯುವ ಆನ್ಜಾಕ್ ದಿನ ಅವರಪ್ಪ ಕ್ಲಬ್ಬಿನ ಹಿತ್ತಿಲಲ್ಲಿ ಟೂ-ಅಪ್ ಎಂಬ ನಾಣ್ಯದ ಜೂಜು ಆಡುತ್ತಿದ್ದ ಎರಡು ಹಳೆಯ ಪೆನ್ನಿ ನಾಣ್ಯಗಳು ಅವರ ಬಳಿ ಇದ್ದವು, ಅವನ್ನು ಹಾರಿಸುವ ಮರದ ಪಟ್ಟಿಯೂ ಇತ್ತು. ಒಂದು ಪೆನ್ನಿಯ ಮೇಲೆ ಗಡ್ಡದ ರಾಜ, ಇನ್ನೊಂದರ ಮೇಲೆ ಗಡ್ಡ ಬೋಳಿಸಿದ ರಾಜ. ಹಿಂಬದಿಗೆ ಎರಡಕ್ಕೂ ಬಿಳಿ ಬಣ್ಣದ ಇಂಟು ಗುರುತು. ಎರಡನ್ನೂ ಒಟ್ಟಿಗೆ ಅರವತ್ತನಾಲ್ಕು ಸಲ ಎಸೆಯಬೇಕು, ಮೊದಲು ಗಡ್ಡದವನದು, ಆಮೇಲೆ ಬೋಳನದು ಎಂದು ಬರೆದುಕೊಳ್ಳಬೇಕು. ಅವರ ಕೋಣೆಯ ಬಾಗಿಲ ಮೇಲೆ ಅವರದೇ ದುಂಡು ಅಕ್ಷರದ ಚೀಟಿ ಇತ್ತು: ಎಸೆಯುವಾಗ ಯಂತ್ರದ ಕಡೆಯವರಿಗೆ ಒಳಗೆ ಪ್ರವೇಶವಿಲ್ಲ.

ಈಗ ಆ ಫೆಬ್ರವರಿಯ ವಿಷಯ, ನಮ್ಮಲ್ಲದು ಬೇಸಿಗೆ. ಶುಕ್ರವಾರ ಕ್ಯಾನ್‌ಬೆರಾದಿಂದ ದುಡ್ಡು ಕೊಡುವ ಸರ್ಕಾರದ ದೊಡ್ಡವರು ಬರುವವರಿದ್ದರು. ಮಿಸ್ ಸಹಿ ಹಾಕಿದ ಹಾಳೆ ಅವರ ಕೈಗೆ ಕೊಟ್ಟರೆ ಯಂತ್ರ ಉಳಿಯುತ್ತದೆ. ಕೊಡದಿದ್ದರೆ ಫ್ರಿಜ್ ಆರಿಸಿ, ಗೋದಾಮಿಗೆ ಬೀಗ ಹಾಕಿ, ಹತ್ತೊಂಬತ್ತು ಜನ ಮನೆಗೆ. ಥಿಯಾ ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಮಂಗಳವಾರ ಪರೀಕ್ಷೆ ಅಂತ ನಿಗದಿಯಾಗಿತ್ತು. ಸೋಮವಾರ ಬೆಳಿಗ್ಗೆ ಸಮುದ್ರದ ಈಜುಕೊಳದ ಮೆಟ್ಟಿಲಲ್ಲಿ ಮಿಸ್ ಜಾರಿದರು. ಬಲ ಮಣಿಕಟ್ಟು ಮುರಿಯಿತು. ಎಪ್ಪತ್ತನಾಲ್ಕು ವರ್ಷದ ಹೆಂಗಸು ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು, ಮುಂದಿನ ದೋಣಿ ಹಿಡಿದು ಸೀದಾ ಕೆಲಸಕ್ಕೆ ಬಂದರು.

ಮಧ್ಯಾಹ್ನ ನಾನು ಆ ಕಡೆ ಹೋಗುತ್ತಿದ್ದೆ. "ಏ ಕ್ಲೈವ್, ಬಾರೋ ಇಲ್ಲಿ. ಈ ಕೈಯಲ್ಲಿ ಎಸೆಯೋಕೆ ಆಗ್ತಿಲ್ಲ. ನೀನು ಎಸಿ, ನಾನು ಎಡಗೈಲಿ ಬರ್ಕೋತೀನಿ" ಅಂದರು.

ನಾನು ಒಳಗೆ ಹೋದೆ. ಬಾಗಿಲ ಮೇಲಿನ ಚೀಟಿ ನನ್ನ ಮೂಗಿನ ಮುಂದೆಯೇ ಇತ್ತು. ಅದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ಯಂತ್ರದ ಕಡೆಯವರು ಅಂದರೆ ಥಿಯಾ, ಅವಳ ಹುಡುಗರು, ಹಲಗೆಯ ಮೇಲೆ ಗ್ರೀಕ್ ಅಕ್ಷರ ಗೀಚುವವರು. ನಾನು ಫ್ರಿಜ್ಜಿನವನು. ಇಷ್ಟು ವರ್ಷದಲ್ಲಿ ಥಿಯಾಳ ಯಾವ ಬರಹದ ಕೆಳಗೂ ನನ್ನ ಹೆಸರು ಬಂದದ್ದಿಲ್ಲ, ಬರಬೇಕೆಂದು ನಾನು ಕೇಳಿದ್ದೂ ಇಲ್ಲ. ಅರವತ್ತನಾಲ್ಕು ಸಲ ಪೆನ್ನಿ ಹಾರಿಸಿದೆ. ತಮ್ಮಪ್ಪನ ಕೈಚಳಕ ನನಗೆ ಬಂದಿದೆ ಅಂತ ಮಿಸ್ ಹೊಗಳಿದರು. ಅವರ ಬಾಯಲ್ಲಿ ಹೊಗಳಿಕೆ ಕೇಳಿದ್ದು ಅದೇ ಮೊದಲು, ನಾನು ಉಬ್ಬಿಹೋದೆ.

ಮಂಗಳವಾರ ಯಂತ್ರಕ್ಕೆ ಎಂಬತ್ತಾರು ಬಂತು! ಥಿಯಾ ಅತ್ತೇಬಿಟ್ಟಳು.

ಬುಧವಾರ ಬೆಳಗಿನ ಚಹಾಕ್ಕೆ ಅವಳಮ್ಮ ಹಾಲು, ರವೆ ಹಾಕಿ ಮಾಡಿದ ಸಿಹಿ ಒಂದು ತಟ್ಟೆ ಬಂದಿತ್ತು. ಮಿಸ್ ಎಡಗೈಯಲ್ಲಿ ಪೆನ್ನು ಹಿಡಿದು, ಸಹಿ ಹಾಕಬೇಕಾದ ಹಾಳೆಯನ್ನು ಇನ್ನೊಮ್ಮೆ ಓದುತ್ತಿದ್ದರು. ನನಗೆ ಸುಮ್ಮನಿರಲು ಬರುವುದಿಲ್ಲ. ನನ್ನ ಹಾಳು ಬಾಯಿ!

"ಇದರಲ್ಲಿ ನನ್ನ ಪಾಲೂ ಇದೆ ನೋಡ್ರಪ್ಪಾ" ಅಂದೆ. "ಸೋಮವಾರ ಪೆನ್ನಿ ಎಸೆದಿದ್ದು ನಾನೇ. ಮಧ್ಯದಲ್ಲಿ ಸಾಲಾಗಿ ಏಳು ಸಲ ಗಡ್ಡದ ರಾಜ ಬಿದ್ದ! ಏಳು ಸಲ! ಅಲ್ವಾ ಮಿಸ್?"

ಮಿಸ್ ತಲೆಯೆತ್ತಿದರು. ನನ್ನನ್ನು ನೋಡಿದರು, ಹಾಳೆ ನೋಡಿದರು, ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು.

"ನಾನು ಸಹಿ ಹಾಕಲ್ಲ" ಅಂದರು.

ಥಿಯಾಗೆ ಮೊದಲು ತಮಾಷೆ ಅನ್ನಿಸಿತು. ಆಮೇಲೆ ಮುಖ ಹುಳ್ಳಗಾಯಿತು. "ಯಾಕೆ? ಏನಾಯ್ತು ಬೆರಿಲ್?"

"ನೂರಿಪ್ಪತ್ತೆಂಟು ಎಸೆತಾನೂ ಯಂತ್ರದ ಕಡೆಯವನೊಬ್ಬ ಕಣ್ಣಾರೆ ನೋಡಿದ್ದಾನೆ. ಅವನನ್ನ ಕರೆದಿದ್ದು ನಾನೇ. ತಪ್ಪು ನಂದು. ಈ ಪರೀಕ್ಷೆ ನಡೀಲಿಲ್ಲ ಅಂತ ಲೆಕ್ಕ."

"ಯಾರು, ಕ್ಲೈವಾ?" ಥಿಯಾ ನಗಬೇಕೋ ಅಳಬೇಕೋ ತಿಳಿಯದೆ ನನ್ನ ಕಡೆ ಕೈ ತೋರಿಸಿದಳು. "ಬೆರಿಲ್, ಅವನಿಗೆ ಏಳರ ಮಗ್ಗೀನೇ ನೆಟ್ಟಗೆ ಬರಲ್ಲ! ಅವನು ಕೀಲಿಕೈ ಕದ್ದು ಯಂತ್ರದೊಳಗೆ ಇಟ್ನಾ? ನೀವೇ ಹೇಳಿ!"

ಅವಳು ಹೇಳಿದ್ದು ಸುಳ್ಳಲ್ಲ. ಆದರೂ ಎಲ್ಲರೆದುರು ಹೇಳಿದ್ದು ನನಗೆ ಚುಚ್ಚಿತು. ಮುಚ್ಚಿಡುವುದೇನು?

"ಅವನು ಮಾಡಿಲ್ಲ ಅಂತ ನಂಗೊತ್ತು" ಮಿಸ್ ಅಂದರು. "ಅವನು ಎಂಟನೇ ಕ್ಲಾಸಲ್ಲಿ ಪಕ್ಕದವನ ಪೇಪರ್ ನೋಡಿ ಬರೆಯೋಕೂ ಹೆದರ್ತಿದ್ದ. ಆದ್ರೆ ಥಿಯಾ, ಈ ಹಾಳೆ ಓದೋನು ಓಸ್ಲೋದಲ್ಲಿ ಕೂತಿರ್ತಾನೆ. ಅವನಿಗೆ ನಾನೂ ಗೊತ್ತಿಲ್ಲ, ನೀನೂ ಗೊತ್ತಿಲ್ಲ. ಕ್ಲೈವ್ ಒಳ್ಳೇವನು ಅಂತ ಬರೆಯೋಕೆ ಇದರಲ್ಲಿ ಜಾಗ ಎಲ್ಲಿದೆ ತೋರ್ಸು. ಏಳು ನೆನಪಿದ್ದವನಿಗೆ ನೂರಿಪ್ಪತ್ತೆಂಟೂ ನೆನಪಿಲ್ಲ ಅಂತ ನಾನು ಹೇಗೆ ಬರೆದುಕೊಡ್ಲಿ? ಯಾರನ್ನೂ ನಂಬಬೇಕಾಗಿಲ್ಲ ಅನ್ನೋದಕ್ಕೇ ತಾನೇ ಈ ಪರೀಕ್ಷೆ ಮಾಡಿದ್ದು?"

"ಶುಕ್ರವಾರ ಅವರು ಬರ್ತಾರೆ! ಹತ್ತೊಂಬತ್ತು ಜನ, ಬೆರಿಲ್!"

"ಗೊತ್ತು ಮಗಳೇ. ನಾಳೆ ಮತ್ತೆ ಮಾಡೋಣ."

ಥಿಯಾ ಕುರ್ಚಿ ತಳ್ಳಿ ಎದ್ದುಹೋದಳು. ಆ ಸಿಹಿಯನ್ನು ಯಾರೂ ಮುಟ್ಟಲಿಲ್ಲ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಿಸ್ ಹಿಂದೆಯೇ ಅವರ ಕೋಣೆಯವರೆಗೆ ಹೋದೆ. "ನಾನು ಯಾವಾಗ ಯಂತ್ರದ ಕಡೆಯವನಾದೆ ಮಿಸ್? ಪಂಪು ಒರೆಸೋನು ನಾನು. ನನ್ನ ಮೇಲೆ ಯಾಕೆ ಹಾಕ್ತೀರಿ? ಎಲ್ಲರ ಅನ್ನಕ್ಕೆ ಕಲ್ಲು ಹಾಕ್ದೆ ಅಂತ ನಾಳೆಯಿಂದ ನನ್ನೇ ಬಯ್ತಾರೆ!"

ಅವರು ಬಾಗಿಲಲ್ಲಿ ನಿಂತು ತಿರುಗಿದರು. "ನೀನು ಒಂದು ದಿನ ಕೈ ಕಟ್ಟಿ ಕೂತ್ರೆ ಆ ಯಂತ್ರ ಇರುತ್ತೇನೋ? ತಗಡಿನ ಡಬ್ಬ ಅದು. ಥಿಯಾಗಿಂತ ನೀನೇ ಅದರ ಕಡೆಯವನು. ಅದು ನಂಗೆ ಸೋಮವಾರಾನೇ ಹೊಳೀಬೇಕಿತ್ತು. ಹೊಳೀಲಿಲ್ಲ, ಅದೇ ನಾನು ಮಾಡಿದ ತಪ್ಪು." ಇಷ್ಟು ಹೇಳಿ ಬಾಗಿಲು ಹಾಕಿಕೊಂಡರು.

ನಾನು ಅಲ್ಲೇ ಓಣಿಯಲ್ಲಿ ನಿಂತೆ. ಒಳಗೆ ಪೆನ್ನಿ ಬೀಳುವ ಸದ್ದು ಶುರುವಾಯಿತು. ಎಡಗೈ ಎಸೆತ, ಎರಡಕ್ಕೊಂದು ಸಲ ನೆಲಕ್ಕೆ ಬೀಳುತ್ತಿತ್ತು, ಉರುಳುತ್ತಿತ್ತು. ಕುರ್ಚಿ ಎಳೆದ ಸದ್ದು. ಮೊಣಕಾಲೂರಿದ ಸದ್ದು. ಒಮ್ಮೆ ಕಪಾಟಿನಡಿ ಹೋಗಿರಬೇಕು, "ಅಯ್ಯಪ್ಪಾ" ಅಂತ ನರಳಿದರು.

"ಮಿಸ್, ಬರ್ಲಾ? ಎತ್ತಿಕೊಟ್ಟು ಹೋಗ್ಬಿಡ್ತೀನಿ!"

"ಬಂದ್ಯೋ ನೋಡು! ನಲವತ್ತೊಂದಾಗಿದೆ. ಬಂದ್ರೆ ಮತ್ತೆ ಮೊದಲಿಂದ ಎಸೀಬೇಕು!"

ಬಾಗಿಲ ಹಿಡಿಯ ಮೇಲಿದ್ದ ಕೈ ತೆಗೆದೆ. ಅಲ್ಲಿ ನಿಲ್ಲಲಾಗದೆ ಬಂದರಿನ ಧಕ್ಕೆಗೆ ಹೋಗಿ, ಹಡಗುಗಳನ್ನು ನೋಡುತ್ತ ಕೂತೆ. ಆ ಮುದಿ ಜೀವ ಮುರಿದ ಕೈಯಲ್ಲಿ ನೆಲ ತಡಕುತ್ತಿದೆ, ನಾನು ಗಟ್ಟಿಮುಟ್ಟಾದವನು ಇಲ್ಲಿ ಕೂತಿದ್ದೇನೆ. ಅವತ್ತಿನಷ್ಟು ಸಂಕಟ ನಾನು ಯಾವತ್ತೂ ಪಟ್ಟಿಲ್ಲ. ಮಿಸ್ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ವಾಪಸ್ ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು, ಅವರು ಮೊಣಕಾಲಿನ ಧೂಳು ಒರೆಸಿಕೊಳ್ಳುತ್ತಿದ್ದರು. ಹಾಳೆಯನ್ನು ಆಗಲೇ ಚೀಲದಲ್ಲಿ ಹಾಕಿದ್ದರು.

ಗುರುವಾರ ಬಿಸಿಲೆಂದರೆ ಬಿಸಿಲು. ಬೆಳಿಗ್ಗೆ ಎಂಟಕ್ಕೆ ಪರೀಕ್ಷೆ ಶುರು, ಮಧ್ಯಾಹ್ನ ಎರಡಕ್ಕೆ ಮುಗಿಯಬೇಕು. ಹತ್ತೂವರೆಗೆ ನನ್ನ ಫ್ರಿಜ್ಜಿನ ಕಂಪ್ರೆಸರ್ ಬುಸುಗುಡತೊಡಗಿತು. ಅದಕ್ಕೆ ತಣ್ಣೀರು ಹಾಯಿಸುವ ಘಟಕ ಸೆಕೆಗೆ ಸೋತಿತ್ತು. ಅದರ ದುರಸ್ತಿ ವಾರದ ಹಿಂದೆಯೇ ಆಗಬೇಕಿತ್ತು, ಮಂಗಳವಾರದವರೆಗೆ ತಳ್ಳಿದರೆ ಸಾಕು ಅಂತ ನಾನೇ ಮುಂದೂಡಿದ್ದೆ. ನೀರು ಬಿಸಿಯಾದರೆ ಕಂಪ್ರೆಸರ್ ನಿಲ್ಲುತ್ತದೆ, ಅದು ನಿಂತರೆ ಯಂತ್ರ ಬಿಸಿಯಾಗುತ್ತದೆ. ಮತ್ತೆ ತಣ್ಣಗಾಗಲು ಮೂರು ದಿನ. ಶುಕ್ರವಾರ ನಮಗಾಗಿ ಕಾಯುವುದಿಲ್ಲ.

"ಕ್ಲೈವ್..." ಥಿಯಾ ಬಾಗಿಲಲ್ಲಿ ನಿಂತಿದ್ದಳು.

"ನಿಂತ್ಕೋಬೇಡ, ನಿನ್ನ ಕಾರಿನ ಕೀ ಕೊಡು" ಅಂದೆ.

ಹಳೆಯ ಸಿಗಡಿಯ ಗೆಳೆತನ ಅವತ್ತು ಕೆಲಸಕ್ಕೆ ಬಂತು. ಮೀನುಗಾರರ ಐಸ್ ಮನೆಗೆ ಹೋಗಿ, "ಎಷ್ಟಿದೆಯೋ ಅಷ್ಟು ತುಂಬ್ರೋ, ಯಾಕೆ ಅಂತ ಕೇಳಬೇಡಿ" ಅಂದೆ. ಥಿಯಾಳ ಹೊಸ ಕಾರಿನ ಹಿಂದಿನ ಸೀಟಿನ ತುಂಬ ಮೀನಿನ ವಾಸನೆಯ ಐಸು. ನೀರಿನ ತೊಟ್ಟಿಗೆ ಬುಟ್ಟಿಗಟ್ಟಲೆ ಸುರಿದೆ. ಕರಗಿತು, ಮತ್ತೆ ತಂದೆ. ನಾಲ್ಕು ಸಲ ತಂದೆ. ಮೂರನೆಯ ಸಲ ಥಿಯಾ ತಾನೂ ಬುಟ್ಟಿ ಹಿಡಿದಳು, ನಾವಿಬ್ಬರೂ ಒದ್ದೆಯಾಗಿ, ಮೀನು ನಾರುತ್ತ, ನೀರಿನ ಬಿಸಿ ತೋರಿಸುವ ಮಾಪಕದ ಮುಳ್ಳನ್ನೇ ನೋಡುತ್ತ ನಿಂತೆವು. ಮುಳ್ಳು ಕೆಂಪುಗೆರೆಯ ಅಂಚಿಗೆ ಬಂದು ನಡುಗುತ್ತಿತ್ತು, ದಾಟಲಿಲ್ಲ.

ನೂರು ಅಡಿ ಆಚೆ, ಬಾಗಿಲು ಹಾಕಿದ ಕೋಣೆಯಲ್ಲಿ ಮಿಸ್ ಒಂದೊಂದೇ ಪ್ರಶ್ನೆ ಕಳಿಸುತ್ತ ಕೂತಿದ್ದರು. ಇಲ್ಲಿ ಏನಾಗುತ್ತಿದೆ ಅಂತ ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದು ಕೂಡ.

ಎರಡು ಗಂಟೆ ಹತ್ತು ನಿಮಿಷಕ್ಕೆ ಹೊರಗೆ ಬಂದರು. ಮುಖ ನೋಡಿದರೆ ಏನೂ ತಿಳಿಯಲಿಲ್ಲ, ಶಾಲೆಯಲ್ಲೂ ಪೇಪರ್ ಹಂಚುವಾಗ ಹಾಗೇ ಇರುತ್ತಿದ್ದರು.

"ಎಪ್ಪತ್ತೊಂಬತ್ತು" ಅಂದರು. "ಮಂಗಳವಾರಕ್ಕಿಂತ ಕಮ್ಮಿ. ನಡುವೆ ಒಂದೆರಡು ಗಂಟೆ ಯಾಕೋ ತುಂಬ ತಪ್ಪು ಬರೀತಿತ್ತು. ಆದ್ರೂ ಪಾಸು." ಆಮೇಲೆ ಮೂಗು ಮುದುಡಿ, "ಏನಿದು ವಾಸನೆ?" ಅಂದರು.

ಥಿಯಾ ಐಸಿನ ಬುಟ್ಟಿ ಕೆಳಗೆ ಹಾಕಿ ಅವರನ್ನು ಪ್ಲಾಸ್ಟರ್ ಸಮೇತ ತಬ್ಬಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನೆ ಮಗ್ಗಿ ವಿಷಯ ಹೇಳಬಾರದಿತ್ತು ಕ್ಲೈವ್" ಅಂದಳು.

"ನೀನು ಹೇಳಿದ್ದು ನಿಜಾನೇ ಬಿಡು. ಕಾರು ತೊಳೆಸ್ಕೋ" ಅಂದೆ.

ಮಿಸ್ ಹೊಸ ಹಾಳೆಗೆ ಎಡಗೈಯಲ್ಲಿ ಸಹಿ ಹಾಕಿದರು. ಅದರ ಒಂದು ಪ್ರತಿಯನ್ನು ಗೋಡೆಗೆ ಅಂಟಿಸಿದ ಮೇಲೆ ನಾನು ಓದಿದೆ. ಮೊದಲನೆಯ ಪರೀಕ್ಷೆ ರದ್ದು, ಕಾರಣ ಪರೀಕ್ಷಕಿಯ ತಪ್ಪು: ಯಂತ್ರದ ಕಡೆಯವರೊಬ್ಬರಿಂದ ನಾಣ್ಯ ಎಸೆಸಲಾಯಿತು ಎಂದು ಬಿಚ್ಚಿ ಬರೆದಿದ್ದರು. ಅದರ ಕೆಳಗೆ ಯಂತ್ರದ ಕಡೆಯವರ ಪಟ್ಟಿ. ಹಿಂದಿನ ಹಾಳೆಯಲ್ಲಿ ಹದಿನೆಂಟು ಹೆಸರಿದ್ದವು. ಈಗ ಹತ್ತೊಂಬತ್ತು. ಥಿಯಾಳ ಹೆಸರಿನ ಕೆಳಗೇ, ಎರಡನೆಯದಾಗಿ, ಕ್ಲೈವ್ ಡಗನ್.

ಬೆರಳಿಟ್ಟು ಇನ್ನೊಮ್ಮೆ ಓದಿದೆ. ಮಿಸ್ ಚೀಲ ಹೆಗಲಿಗೆ ಹಾಕಿಕೊಂಡು ಪಕ್ಕಕ್ಕೆ ಬಂದರು.

"ಮಿಸ್, ಹೇಗೂ ಇಷ್ಟು ಒಳ್ಳೇ ಮನಸ್ಸಲ್ಲಿದ್ದೀರಿ. ಆ ನಲವತ್ತೊಂಬತ್ತನ್ನ ಐವತ್ತು ಮಾಡ್ಬಾರ್ದಾ?"

"ಪೇಪರ್ ತಂದಿದ್ದೀಯಾ?" ಅಂದರು. ತಂದಿರಲಿಲ್ಲ. ಅವರು ದೋಣಿಗೆ ಹೋದರು.

ಯಂತ್ರ ಉಳಿಯಿತು, ಮತ್ತೆ ಐದು ವರ್ಷ ಅವರು ಆ ಕೋಣೆಯಲ್ಲಿ ಕೂತರು. ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ ಈಜಿ ಬಂದು, ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಪೆನ್ನಿಗಳು ನನಗೆ ಸಿಗಬಹುದು ಅಂತ ನನಗೊಂದು ಆಸೆಯಿತ್ತು, ಸುಳ್ಳು ಯಾಕೆ ಹೇಳಲಿ. ಅವು ಹೊಸ ಪರೀಕ್ಷಕಿಗೆ ಸೇರಬೇಕು ಅಂತ ಬರೆದಿಟ್ಟಿದ್ದರು. ನನಗೆ ಅವರ ಚಹಾದ ಲೋಟ ಬಂತು.

ಹೊಸ ಪರೀಕ್ಷಕಿಯ ಹೆಸರು ನೈರಿ, ನ್ಯೂಜಿಲೆಂಡಿನವಳು, ಒಳ್ಳೆಯ ಹೆಂಗಸು. ಹೋದ ತಿಂಗಳು ಬಾಗಿಲು ಒಂಚೂರು ತೆರೆದು ತಲೆ ಹೊರಗೆ ಹಾಕಿ, "ಕ್ಲೈವ್, ಒಂದು ಪೆನ್ನಿ ಕಪಾಟಿನಡಿ ಹೋಯ್ತು. ಗಡ್ಡದವನು. ಸ್ವಲ್ಪ ಕಪಾಟು ಎತ್ತಿಕೊಡ್ತೀಯಾ?" ಅಂತ ಕರೆದಳು. ನನ್ನ ಕೈಯಲ್ಲಿ ಮಿಸ್ಸಿನ ಲೋಟವಿತ್ತು. ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಆಗಲ್ಲಮ್ಮ, ಬೇರೆ ಯಾರನ್ನಾದ್ರೂ ಕರಿ" ಅಂದೆ. "ನಾನು ಯಂತ್ರದ ಕಡೆಯವನು."